ವಾರಿಗೆಯವರ ಹೆಗಲಿಗೆ ಎಷ್ಟು ಭಾರ?

ಜನವರಿ ಬಂತೆಂದರೆ ಯುವಜನರ ಮೇಲೆ ಎಲ್ಲರಿಗೂ ಅಕ್ಕರೆ ಉಕ್ಕುತ್ತದೆ. 12ರಂದು ವಿವೇಕಾನಂದರ ಜಯಂತಿ, ಶಾಲೆ ಕಾಲೇಜುಗಳಲ್ಲಿ ಭಾಷಣ, ಪಂಚಾಯಿತಿ ಕಟ್ಟೆಯ ಮೇಲೆ ಒಂದು ಬ್ಯಾನರ್. ನವೆಂಬರ್ 14ರಿಂದ ಜನವರಿ 24ರವರೆಗೆ ನಡೆಯುವ ಮಕ್ಕಳ ಗ್ರಾಮಸಭೆಗಳ ಸರಣಿಯೂ ಇದೇ ಹೊತ್ತಿಗೆ ಕೊನೆಗೆ ಬಂದಿರುತ್ತದೆ. ಯುವಜನರಿಗಾಗಿ ಹೊಸದಾಗಿ ಏನಾದರೂ ಮಾಡಬೇಕೆಂದು ಯಾರಾದರೂ ಎದ್ದು ನಿಲ್ಲುವುದು, 'ಹುಡುಗರ ಕೆಲಸ ಹುಡುಗರಿಗೇ ಬಿಡ್ರಿ, ಅವರ ವಾರಿಗೆಯವರು ಹೇಳಿದ್ರ ಅವರು ಕೇಳ್ತಾರ' ಎಂಬ ಸಲಹೆ ಬರುವುದು, ಸಭೆಯೆಲ್ಲ ತಲೆಯಾಡಿಸುವುದು, ಇವೆಲ್ಲ ಈ ದಿನಗಳಲ್ಲೇ. ಹೇಳಿದವರಿಗೂ ಕೇಳಿದವರಿಗೂ ಹಿತವಾಗುವ ಸಲಹೆ ಇದು. ಆದರೆ ಹತ್ತು ಹದಿನೈದು ವರ್ಷಗಳಿಂದ ಸರ್ಕಾರವೂ ಸಂಸ್ಥೆಗಳೂ ಇದನ್ನೇ ನೆಚ್ಚಿ ಕೆಲಸ ಮಾಡಿವೆ. ಅದರಿಂದ ಏನು ದಕ್ಕಿತು, ಏನು ದಕ್ಕಲಿಲ್ಲ ಎಂದು ಹಿಂತಿರುಗಿ ನೋಡದೆ ಮತ್ತೊಮ್ಮೆ ತಲೆಯಾಡಿಸುವುದು ಸರಿಯಲ್ಲ.

ಈ ಸಲಹೆಯನ್ನು ಹಾವೇರಿ ಜಿಲ್ಲೆಯ ಕರ್ಜಗಿಯಲ್ಲಿ ನಿಂತು ನೋಡಿದರೆ ಹಳೆಯ ಕಾಲವೂ ಕಾಣುತ್ತದೆ. ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿ ಈ ಊರಿನ ಹೆಸರಿನದೇ ಒಂದು ತಾಲ್ಲೂಕಿತ್ತು, ಹಾವೇರಿ ಅದರೊಳಗಿನ ಊರು. ಈಗ ಹಾವೇರಿಯೇ ಜಿಲ್ಲೆಯಾಗಿ, 1997ರಿಂದ ಲೆಕ್ಕ ಹಾಕಿದರೆ, ಕಾಲು ಶತಮಾನ ಕಳೆದಿದೆ. ರೈಲಿನಲ್ಲಿ ಆ ಕಡೆ ಹೊರಟರೆ ಹಾವೇರಿ ನಿಲ್ದಾಣದ ಬೋರ್ಡಿನ ಮೇಲೆ ಮೈಲಾರ ಮಹಾದೇವಪ್ಪನವರ ಹೆಸರು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿ, ಇಪ್ಪತ್ತು ತುಂಬುವ ಮೊದಲೇ ಗಾಂಧೀಜಿಯವರ ಜೊತೆ ದಂಡಿಗೆ ನಡೆದ ಹುಡುಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದಾಗ ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇದ್ದರು. ಹರೆಯದವರು ಒಬ್ಬರನ್ನೊಬ್ಬರು ಎಲ್ಲಿಯವರೆಗೆ ಎಳೆದುಕೊಂಡು ಹೋಗಬಲ್ಲರು ಎಂಬುದಕ್ಕೆ ಈ ಸೀಮೆಗೆ ಹೊರಗಿನ ಪುರಾವೆ ಬೇಕಿಲ್ಲ. ಆದರೆ ಮಹಾದೇವ ಸಾಬರಮತಿಯ ಆಶ್ರಮದಲ್ಲಿ ಪಳಗಿ ಬಂದವನು ಎಂಬುದನ್ನೂ ಮರೆಯಬಾರದು. ಆ ಗುಂಪಿನ ಹಿಂದೆ ಒಂದು ಶಿಸ್ತಿತ್ತು, ಹಿರಿಯರಿದ್ದರು.

ನಮ್ಮ ಕಾಲಕ್ಕೆ ಬರೋಣ. ಎನ್ನೆಸ್ಸೆಸ್ 1969ರದು, ನೆಹರು ಯುವ ಕೇಂದ್ರಗಳು 1972ರವು. ಅವುಗಳ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಶ್ರಮದಾನ, ಕ್ರೀಡಾಕೂಟ, ಶಿಬಿರ ಅವುಗಳ ಜೀವ. ಒಬ್ಬ ಹುಡುಗ ಇನ್ನೊಬ್ಬನ ಬದುಕಿನ ಒಳಗುಟ್ಟಿಗೆ ಕೈಹಾಕಬೇಕೆಂದು ಅವು ಕೇಳಲಿಲ್ಲ. ಅದನ್ನು ದೇಶದ ಮಟ್ಟದಲ್ಲಿ ಕೇಳಿದ್ದು ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ. 2014ರ ಜನವರಿ 7ರಂದು ಶುರುವಾದ ಈ ಯೋಜನೆ 10ರಿಂದ 19 ವರ್ಷದವರಿಗಾಗಿ ಆರು ವಿಷಯ ಆರಿಸಿಕೊಂಡಿತು: ಪೌಷ್ಟಿಕತೆ, ಲೈಂಗಿಕ ಆರೋಗ್ಯ, ಮನಸ್ಸಿನ ಆರೋಗ್ಯ, ದುಶ್ಚಟ, ಹಿಂಸೆ ಮತ್ತು ಗಾಯ, ಸಾಂಕ್ರಾಮಿಕವಲ್ಲದ ರೋಗಗಳು. ಸಾವಿರ ಜನಸಂಖ್ಯೆಗೆ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು ಮುಂದಾಳುಗಳು, ಅವರಿಗೆ 'ಸಾಥಿಯಾ' ಎಂಬ ಹೆಸರು. ಆರು ದಿನದ ತರಬೇತಿ. ಆಮೇಲೆ ಒಬ್ಬೊಬ್ಬರು ಹದಿನೈದಿಪ್ಪತ್ತು ಜನರ ಗುಂಪು ಕಟ್ಟಿ ವಾರಕ್ಕೊಮ್ಮೆ ಒಂದೆರಡು ತಾಸು ಕೂತು ಮಾತಾಡಬೇಕು. ಎಲ್ಲ ಜಿಲ್ಲೆಗಳಿಗೂ ಇದು ಒಟ್ಟಿಗೆ ಬರಲಿಲ್ಲ, ಆಯ್ದ ಜಿಲ್ಲೆಗಳಿಂದ ಹೊರಟಿತು. ಅದಕ್ಕೂ ಮೊದಲು, 2010ರಲ್ಲಿ ಬಂದ ಸಬಲಾ ಯೋಜನೆಯಲ್ಲಿ ಅಂಗನವಾಡಿಯ ಸುತ್ತ ಹುಡುಗಿಯರ ಗುಂಪು ಕಟ್ಟಿ, ಅದಕ್ಕೊಬ್ಬಳು 'ಸಖಿ', ಅವಳಿಗೆ ಇಬ್ಬರು 'ಸಹೇಲಿ'ಯರನ್ನು ನೇಮಿಸುವ ಏರ್ಪಾಡಿತ್ತು. ಹೆಸರುಗಳು ಮುದ್ದಾಗಿವೆ. ಒಂದನ್ನೂ ಇಲ್ಲಿಯ ಹುಡುಗಿಯರು ಇಟ್ಟುಕೊಂಡದ್ದಲ್ಲ ಎಂಬುದು ಬೇರೆ ಮಾತು.

ಸಾಥಿಯಾಗೆ ಏನು ಸಿಗಬೇಕೆಂದು ಮಾರ್ಗಸೂಚಿಯಲ್ಲಿ ನೋಡಿದರೆ, ತಿಂಗಳಿಗೆ ಐವತ್ತು ರೂಪಾಯಿ ಮೀರದ ಏನಾದರೂ, ಅದೂ ನಗದಲ್ಲ. ಫೋನ್ ರೀಚಾರ್ಜಿಗೂ ಸಾಲದ ಮೊತ್ತ. ಸೇವೆಗೆ ಬೆಲೆ ಕಟ್ಟಬಾರದು ಎನ್ನುವವರಿದ್ದಾರೆ, ಇರಲಿ. ಆದರೆ ಆರು ದಿನದ ತರಬೇತಿ ಪಡೆದ ಹದಿನಾರರ ಹುಡುಗಿ ದುಶ್ಚಟದಿಂದ ಹಿಡಿದು ಮನೆಯೊಳಗಿನ ಹಿಂಸೆಯವರೆಗೆ ಆರು ವಿಷಯ ನಿಭಾಯಿಸಬೇಕು ಎಂಬ ಲೆಕ್ಕದಲ್ಲಿ ಹುಡುಗರ ಮೇಲಿನ ನಂಬಿಕೆಗಿಂತ ಅಗ್ಗದ ಆಸೆಯೇ ಹೆಚ್ಚು ಕಾಣುತ್ತದೆ. ಸಮಾಲೋಚಕರನ್ನು ನೇಮಿಸಿದರೆ ಸಂಬಳ ಕೊಡಬೇಕು, ವಾರಿಗೆಯವರಾದರೆ ಒಂದು ಟೀ ಶರ್ಟು ಸಾಕು. ಈ ವಿಧಾನ ನಮಗೆ ಹೊಂದುತ್ತದೆಯೇ ಎಂದು ಕೇಳುವವರು ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಇದಕ್ಕೆ ಬೇಕಾದಷ್ಟು ದುಡ್ಡಿದ್ದಿದ್ದರೂ ಇದನ್ನೇ ಆರಿಸುತ್ತಿದ್ದೆವೇ?

ಹೊರಗಿನ ಅನುಭವ ಏನು ಹೇಳುತ್ತದೆ? ಹರೆಯದವರ ಆರೋಗ್ಯದ ಕೆಲಸದಲ್ಲಿ ಯಾವುದು ಫಲಿಸಲಿಲ್ಲ ಎಂದು ವೆಂಕಟರಾಮನ್ ಚಂದ್ರಮೌಳಿ ಮತ್ತು ಸಂಗಡಿಗರು 2015ರಲ್ಲಿ ಬರೆದ ಲೇಖನದಲ್ಲಿ ಯುವಕೇಂದ್ರಗಳ ಜೊತೆಗೆ ಈ ವಾರಿಗೆಯ ಶಿಕ್ಷಣವೂ ಸೇರಿದೆ. ತಿಳಿವಳಿಕೆ ಹೆಚ್ಚಬಹುದು, ನಡವಳಿಕೆ ಬದಲಾಗುವುದು ಅಪರೂಪ, ಎಲ್ಲರಿಗಿಂತ ಹೆಚ್ಚು ಲಾಭ ಆಗುವುದು ಮುಂದಾಳಾದ ಹುಡುಗ ಹುಡುಗಿಗೇ ಎಂಬುದು ಅದರ ತಿರುಳು. ಕೊನೆಯ ಮಾತು ನಮಗೆ ಅಚ್ಚರಿಯದಲ್ಲ. ಮೈಕು ಹಿಡಿದು ನಾಲ್ಕು ಮಾತಾಡಲು ಕಲಿತ ಹುಡುಗಿ ಮುಂದೆ ಡಿ.ಎಡ್. ಮಾಡುತ್ತಾಳೆ, ಆಶಾ ಆಗುತ್ತಾಳೆ, ಪಂಚಾಯಿತಿಗೆ ನಿಲ್ಲುತ್ತಾಳೆ. ಅವಳೆದುರು ಕೂತ ಹದಿನೈದು ಜನರಿಗೆ ಏನಾಯಿತು ಎಂಬುದನ್ನು ಮಾತ್ರ ಯಾರೂ ಬರೆದಿಡುವುದಿಲ್ಲ.

ಫಲಿಸಿದ ಉದಾಹರಣೆಯೂ ಇದೆ, ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇಂಗ್ಲೆಂಡ್ ಮತ್ತು ವೇಲ್ಸಿನ 59 ಶಾಲೆಗಳಲ್ಲಿ ಹನ್ನೆರಡು ಹದಿಮೂರರ ಮಕ್ಕಳು ಸಿಗರೇಟು ಹಿಡಿಯದಂತೆ ಮಾಡಲು ನಡೆದ ಪ್ರಯೋಗವದು, ಫಲಿತಾಂಶ 2008ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ಅಲ್ಲಿ ಮುಂದಾಳುಗಳನ್ನು ಮೇಷ್ಟ್ರು ಆರಿಸಲಿಲ್ಲ. ನೀವು ಯಾರ ಮಾತು ಕೇಳುತ್ತೀರಿ ಎಂದು ಇಡೀ ತರಗತಿಗೆ ಚೀಟಿ ಕೊಟ್ಟು ಬರೆಸಿಕೊಂಡರು. ಹೆಚ್ಚು ಹೆಸರು ಬಂದವರಲ್ಲಿ ತುಂಟರೂ ಇದ್ದರು, ಹಿಂದಿನ ಬೆಂಚಿನವರೂ ಇದ್ದರು. ಅವರನ್ನೇ ಎರಡು ದಿನ ಶಾಲೆಯ ಹೊರಗೆ ಕರೆದೊಯ್ದು ತಯಾರು ಮಾಡಿದರು. ಅವರು ಭಾಷಣ ಮಾಡಲಿಲ್ಲ, ತರಗತಿ ನಡೆಸಲಿಲ್ಲ. ಹತ್ತು ವಾರ ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ, ಮಾತಿನ ನಡುವೆ ಮಾತಾಗಿ ವಿಷಯ ಎತ್ತಿದರು. ಎರಡು ವರ್ಷ ಬೆನ್ನುಹತ್ತಿ ನೋಡಿದಾಗ ಇಂಥ ಮುಂದಾಳುಗಳಿದ್ದ ಶಾಲೆಗಳಲ್ಲಿ, ಹೋಲಿಕೆಗೆ ಇಟ್ಟ ಉಳಿದ ಶಾಲೆಗಳಿಗಿಂತ, ಸೇದುವವರು ಕಡಿಮೆಯಿದ್ದರು. ಪವಾಡದಷ್ಟಲ್ಲ, ಎಣಿಕೆಗೆ ಸಿಗುವಷ್ಟು.

ನಮ್ಮಲ್ಲಿ ಮುಂದಾಳನ್ನು ಹೇಗೆ ಆರಿಸುತ್ತಾರೆ? ಹೆಡ್‌ಮಾಸ್ತರರು ಫಸ್ಟ್ ರ‍್ಯಾಂಕಿನ ಹುಡುಗನ ಹೆಸರು ಹೇಳುತ್ತಾರೆ. ಆಶಾ ಕಾರ್ಯಕರ್ತೆ ತನ್ನ ಓಣಿಯ ಹುಡುಗಿಯನ್ನು ಸೂಚಿಸುತ್ತಾಳೆ, ಪಂಚಾಯಿತಿ ಸದಸ್ಯರು ತಮ್ಮ ಮನೆತನದವರನ್ನು. ಊರೊಳಗೆ ಓಣಿಗೊಂದು ಜಾತಿ, ಜಾತಿಗೊಂದು ಕಟ್ಟೆ ಇರುವಾಗ ಊರಿಗೆಲ್ಲ ಒಬ್ಬನೇ ವಾರಿಗೆಯವನು ಎಂಬುದೇ ಇಲ್ಲ. ಹತ್ತನೇ ಇಯತ್ತೆಯಲ್ಲಿ ಶೇಕಡಾ ತೊಂಬತ್ತು ತೆಗೆದ ಹುಡುಗ, ಒಂಬತ್ತರಲ್ಲೇ ಶಾಲೆ ಬಿಟ್ಟು ಟ್ರ್ಯಾಕ್ಟರ್ ಹತ್ತಿದವನಿಗೆ ಓರಗೆಯವನೇ? ವಯಸ್ಸು ಒಂದೇ, ಉಳಿದದ್ದೆಲ್ಲ ಬೇರೆ. ಮೇಲಿನಿಂದ ನೇಮಕವಾದ ಮುಂದಾಳು ತನ್ನವರ ನಡುವೆ ಮೇಷ್ಟ್ರ ಚಾಡಿಕೋರನಾಗುತ್ತಾನೆ, ಮುಗಿಯಿತು.

ಈ ಜಿಲ್ಲೆಯಲ್ಲಿ ಹುಡುಗರು ತಾವೇ ಕಟ್ಟಿಕೊಂಡ ಸಂಘಟನೆ ಯಾವುದು ಎಂದರೆ ಹೋರಿಯ ಬಳಗ. ಕಾರಹುಣ್ಣಿಮೆಗೆ ಹೆಸರಾದ ಕರ್ಜಗಿಯವರಿಗೆ ದನ ಮತ್ತು ಹುಡುಗರ ನಂಟು ಹೊಸದಲ್ಲ. ದೀಪಾವಳಿ ಕಳೆದ ಮೇಲೆ ಊರೂರಲ್ಲಿ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಗೆ ಒಂದೊಂದು ಹೋರಿಗೂ ಒಂದೊಂದು ಬಿರುದು, ಅದರ ಹಿಂದೆ ಅಭಿಮಾನಿಗಳ ದಂಡು. ಚಂದಾ ಎತ್ತುವುದು, ಒಣಕೊಬ್ಬರಿ ಹಾರ ಕಟ್ಟುವುದು, ಬಲೂನು, ಜೂಲ, ಫೋನಿನಲ್ಲಿ ಪ್ರಚಾರ, ಎಲ್ಲ ಅವರವರೇ. ಯಾವ ಇಲಾಖೆಯೂ ತರಬೇತಿ ಕೊಟ್ಟಿಲ್ಲ. ವಾರಿಗೆಯವರ ಬಲ ಕೆಲಸ ಮಾಡುತ್ತದೆಯೇ ಎಂದು ಸಂಶಯವಿದ್ದವರು ಅಖಾಡಕ್ಕೆ ಹೋಗಿ ನೋಡಬಹುದು. ಅದೇ ಬಲ ಹೋರಿಯ ಎದುರು ಎದೆಗೊಟ್ಟು ನಿಲ್ಲದವನನ್ನು ಹೇಡಿ ಎನ್ನುತ್ತದೆ, ತಿವಿತಕ್ಕೆ ಸಿಕ್ಕು ಸಾಯುವವರು ಪ್ರತಿ ಹಂಗಾಮಿನಲ್ಲೂ ಸುದ್ದಿಯಾಗುತ್ತಾರೆ. ಹರೆಯದವರ ಸೆಳೆತ ತಾನಾಗಿ ಒಳ್ಳೆಯದರ ಕಡೆಗೇ ತಿರುಗುವುದಿಲ್ಲ. ಅಮೆರಿಕದಲ್ಲಿ 1939ರಲ್ಲಿ ಶುರುವಾದ ಕೇಂಬ್ರಿಜ್–ಸಾಮರ್‌ವಿಲ್ ಯೋಜನೆ ಇದಕ್ಕೆ ಹಳೆಯ ಪಾಠ. ದಾರಿ ತಪ್ಪಬಹುದಾದ ಬಾಲಕರನ್ನು ತಿದ್ದಲು ಹೊರಟ ಆ ಯೋಜನೆಯ ಫಲವನ್ನು ದಶಕಗಳ ನಂತರ ಜೋನ್ ಮಕಾರ್ಡ್ ಹುಡುಕಿದಾಗ, ನೆರವು ಪಡೆದವರ ಗತಿ ಪಡೆಯದವರಿಗಿಂತ ಕೆಟ್ಟದಾಗಿತ್ತು, ಬೇಸಿಗೆ ಶಿಬಿರಗಳಿಗೆ ಮತ್ತೆ ಮತ್ತೆ ಹೋದವರದಂತೂ ಇನ್ನೂ ಕೆಟ್ಟದು. ಕೆಟ್ಟ ಹುಡುಗರನ್ನೆಲ್ಲ ಒಂದೆಡೆ ಗುಡ್ಡೆ ಹಾಕಿದರೆ ಅವರು ಒಬ್ಬರಿಂದೊಬ್ಬರು ಕಲಿಯುವುದು ಕೆಟ್ಟದ್ದನ್ನೇ. ಗುಟ್ಕಾ ತಿನ್ನುವ ಹುಡುಗರದೇ ಒಂದು ಗುಂಪು ಮಾಡಿ ಬಿಡಿಸುತ್ತೇವೆ ಎನ್ನುವವರು ಇದನ್ನು ನೆನಪಿಡಬೇಕು. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲೆ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಬರುತ್ತದೆ. ಎರಡನ್ನೂ ಅಂಗೈಯಲ್ಲಿ ಬೆರೆಸುವುದನ್ನು ಹುಡುಗ ಕಲಿತದ್ದೂ ವಾರಿಗೆಯವನಿಂದಲೇ.

ಹುಡುಗಿಯರ ವಿಷಯಕ್ಕೆ ಬಂದರೆ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ವಾರಕ್ಕೆ ಒಂದೆರಡು ತಾಸು ಕೂಡಬೇಕು ಎನ್ನುವ ಯೋಜನೆಗೆ ರಾಣೇಬೆನ್ನೂರು ಸೀಮೆಯ ಬೀಜೋತ್ಪಾದನೆಯ ಹೊಲ ಗೊತ್ತಿಲ್ಲ. ಹೈಬ್ರಿಡ್ ಹತ್ತಿ ಬೀಜದ ಕ್ರಾಸಿಂಗ್ ಹಂಗಾಮಿನಲ್ಲಿ ಸಂಜೆ ಮೊಗ್ಗು ಬಿಡಿಸಿ ಗಂಡುಭಾಗ ಕೀಳಬೇಕು, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸಬೇಕು. ಎಳೆ ಬೆರಳುಗಳಿಗೆ ಅಲ್ಲಿ ಬೇಡಿಕೆ. ಹದಿನಾಲ್ಕರ ಒಳಗಿನವರನ್ನು ದುಡಿಸುವುದು ಕಾನೂನಿಗೆ ವಿರುದ್ಧ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೆ ಮೇಲ್ಪಟ್ಟವರಿಗೆ ಬೆಳಿಗ್ಗೆಯೂ ಇಲ್ಲ, ಸಂಜೆಯೂ ಇಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹಂಗಾಮು ಬಂದರೆ ತಾಯಂದಿರು ತೊಟ್ಟು ಬಿಡಿಸಲು ಹೋಗುತ್ತಾರೆ, ಮನೆ ದೊಡ್ಡ ಮಗಳ ಪಾಲಿಗೆ. ಇನ್ನು ಮುಂದಾಳಾಗಿ ಎರಡು ವರ್ಷ ಪಳಗುವ ಹೊತ್ತಿಗೆ ಹುಡುಗಿಗೆ ಹದಿನೆಂಟು ತುಂಬುತ್ತದೆ, ಅವಳು ಇನ್ನೊಂದು ಊರಿನ ಸೊಸೆ. ಹುಡುಗನಾದರೆ ಬೆಂಗಳೂರಿನ ದಾರಿ ಹಿಡಿಯುತ್ತಾನೆ. ವರ್ಷ ವರ್ಷವೂ ಮೊದಲಿನಿಂದ ಶುರು ಮಾಡಲು ತಯಾರಿಲ್ಲದವರು ಈ ವಿಧಾನಕ್ಕೆ ಕೈಹಾಕದಿರುವುದೇ ಲೇಸು.

ನಮ್ಮ ನಾಡಿನಲ್ಲೇ ಕಟ್ಟುನಿಟ್ಟಾಗಿ ಅಳೆದು ನೋಡಿದ ಒಂದು ಕೆಲಸವಿದೆ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ವಿಜಯಪುರ, ಬಾಗಲಕೋಟೆಯ ಹಳ್ಳಿಗಳಲ್ಲಿ ನಡೆಸಿದ 'ಸಮತಾ'. ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರು ಹೈಸ್ಕೂಲು ಮುಗಿಸಲಿ, ಬೇಗ ಮದುವೆಯಾಗದಿರಲಿ ಎಂಬುದು ಗುರಿ. ಎಂಬತ್ತು ಗ್ರಾಮ ಸಮೂಹಗಳಲ್ಲಿ ನಲವತ್ತರಲ್ಲಿ ಕೆಲಸ ನಡೆಯಿತು, ಉಳಿದ ನಲವತ್ತನ್ನು ಹೋಲಿಕೆಗೆ ಇಟ್ಟುಕೊಂಡರು. 2014ರಲ್ಲಿ ಏಳನೇ ಇಯತ್ತೆಯಲ್ಲಿದ್ದವರನ್ನು ಮೂರು ವರ್ಷ ಹಿಂಬಾಲಿಸಿದರು. ಹುಡುಗಿಯರ ಗುಂಪು ಇದರ ಒಂದು ಎಳೆ ಮಾತ್ರ. ಮನೆಭೇಟಿ, ಶಾಲೆಯ ಜೊತೆ ಕೆಲಸ, ಹುಡುಗರ ಜೊತೆ ಕೆಲಸವೂ ಇತ್ತು. ಇಷ್ಟಾಗಿಯೂ ಕೊನೆಗೆ ಎರಡೂ ಕಡೆಯ ಹಳ್ಳಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡೂ ಕಡೆ ಹೆಚ್ಚು ಹುಡುಗಿಯರು ಓದಿದರು, ಅಂದುಕೊಂಡದ್ದಕ್ಕಿಂತ ಕಡಿಮೆ ಹುಡುಗಿಯರಿಗೆ ಮದುವೆಯಾಗಿತ್ತು. ಕಾಲವೇ ಬದಲಾಗುತ್ತಿತ್ತು. ನಡೆಸಿದವರು ಈ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದು ದೊಡ್ಡ ಕೆಲಸ, ಅಂಥ ಪ್ರಾಮಾಣಿಕತೆ ನಮ್ಮಲ್ಲಿ ಅಪರೂಪ.

ಇದರಿಂದ ಗುಂಪುಗಳು ದಂಡ ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ. ನಾವು ತೆಗೆಯುವ ಅರ್ಥ ಬೇರೆ. ಹುಡುಗಿಯ ಮದುವೆ ಎಂದು, ಯಾರ ಜೊತೆ ಎಂಬುದನ್ನು ನಿರ್ಧರಿಸುವವಳು ಅವಳಲ್ಲ, ಅವಳ ಗೆಳತಿಯೂ ಅಲ್ಲ. ಅಪ್ಪ, ಸೋದರಮಾವ, ಅಜ್ಜಿ, ದೈವದವರು ಕೂತು ಮಾತಾಡುವ ಜಾಗದಲ್ಲಿ ಹದಿನಾರರ ಸಖಿಗೆ ಚಾಪೆ ಹಾಕುವವರಿಲ್ಲ. ಕರ್ನಾಟಕದಲ್ಲಿ ಹದಿನೆಂಟರೊಳಗೆ ಮದುವೆಯಾದವರ ಪಾಲು, 20ರಿಂದ 24 ವಯಸ್ಸಿನ ಹೆಂಗಸರಲ್ಲಿ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಶೇ 21.4 ಇತ್ತು, ಐದನೇ ಸುತ್ತಿನಲ್ಲಿ 21.3. ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿ ವರದಿ ಕೊಟ್ಟ ಮೇಲೆ ರಾಜ್ಯ ತನ್ನದೇ ತಿದ್ದುಪಡಿ ತಂದು ಬಾಲ್ಯವಿವಾಹವನ್ನು ಮೂಲದಲ್ಲೇ ಅಸಿಂಧು ಎಂದು ಸಾರಿದೆ. ಅದನ್ನು ಜಾರಿ ಮಾಡಬೇಕಾದ ಅಧಿಕಾರಿಗಳು ಗ್ರಾಮಮಟ್ಟದವರೆಗೆ ಇದ್ದಾರೆ. ಅವರ ಹೊಣೆಯನ್ನು ಹುಡುಗಿಯರ ಗುಂಪಿನ ಹೆಗಲಿಗೆ ಜಾರಿಸಿದರೆ ಊರ ಬೈಗುಳ ಹುಡುಗಿಗೆ, ಪ್ರಗತಿ ವರದಿ ಇಲಾಖೆಗೆ.

ಹಾಗಾದರೆ ವಾರಿಗೆಯವರಿಗೆ ಏನು ಬಿಡಬೇಕು? ತೀರ್ಮಾನ ಅವರ ಕೈಯಲ್ಲೇ ಇರುವ ಸಂಗತಿಗಳನ್ನು. ಮೊದಲ ಗುಟ್ಕಾ ಚೀಟು ಹರಿಯುವುದೋ ಬೇಡವೋ, ಮುಟ್ಟಿನ ದಿನ ಶಾಲೆಗೆ ಬರುವುದೋ ಬೇಡವೋ, ಗೆಳತಿಯ ಫೋಟೊ ಫೋನಿನಲ್ಲಿ ಬಂದಾಗ ಮುಂದಕ್ಕೆ ಕಳಿಸುವುದೋ ಅಳಿಸುವುದೋ, ಹತ್ತನೇ ಪರೀಕ್ಷೆಯಲ್ಲಿ ಫೇಲಾದವನನ್ನು ಕಟ್ಟೆಯ ಮೇಲೆ ನಗೆಪಾಟಲು ಮಾಡುವುದೋ ಜೊತೆಗೆ ಕೂರಿಸಿಕೊಳ್ಳುವುದೋ. ಇಲ್ಲಿ ದೊಡ್ಡವರ ಮಾತಿಗೆ ಬೆಲೆ ಕಡಿಮೆ, ವಾರಿಗೆಯವರ ಕಣ್ಣಸನ್ನೆಗೆ ಹೆಚ್ಚು.

ಅಲ್ಲಿಯೂ ಬೆನ್ನಿಗೆ ಯಾರಾದರೂ ಬೇಕು. ಯಾರು? ಬಿಹಾರದ ನಾಳಂದಾ ಜಿಲ್ಲೆಯ ಸುಮಾರು 75 ಸರ್ಕಾರಿ ಶಾಲೆಗಳಲ್ಲಿ ನಡೆದ 'ಸೆಹರ್' ಪ್ರಯೋಗ ಇದನ್ನು ಪರೀಕ್ಷಿಸಿತು. ಬೆನ್ನಿಗೆ ನಿಲ್ಲುವ ಅದೇ ಕೆಲಸವನ್ನು ಕೆಲವು ಶಾಲೆಗಳಲ್ಲಿ ಶಿಕ್ಷಕರಿಗೆ, ಕೆಲವು ಶಾಲೆಗಳಲ್ಲಿ ಹತ್ತಿರದ ಊರಿನ, ಪದವಿ ಮುಗಿಸಿದ ಯುವಕ ಯುವತಿಯರಿಗೆ ಒಪ್ಪಿಸಿದರು. 2018ರಲ್ಲಿ ಬಂದ ಫಲಿತಾಂಶದಂತೆ ಎರಡನೆಯ ಬಗೆಯ ಶಾಲೆಗಳಲ್ಲಿ ಬೆದರಿಕೆ, ಖಿನ್ನತೆ ಇಳಿದವು, ಶಾಲೆಯ ವಾತಾವರಣ ಹಸನಾಯಿತು. ಶಿಕ್ಷಕರಿಗೆ ಒಪ್ಪಿಸಿದ ಕಡೆ ಅಂಥದ್ದೇನೂ ಆಗಲಿಲ್ಲ. ಆಯುಷ್ಮಾನ್ ಭಾರತ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನೇ 'ಆರೋಗ್ಯ ರಾಯಭಾರಿ' ಮಾಡಿದವರು ಇದನ್ನು ಓದಿದ್ದರೋ ಇಲ್ಲವೋ. ನಮ್ಮ ರಾಜ್ಯದ ಯುವ ಸಬಲೀಕರಣ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ನಡೆಸುವ 'ಯುವ ಸ್ಪಂದನ' ಈ ಎರಡನೆಯ ದಾರಿಯದು. ಜಿಲ್ಲಾ ಕ್ರೀಡಾಂಗಣಗಳಲ್ಲಿ ಅದರ ಕೇಂದ್ರ, ಅದೇ ಜಿಲ್ಲೆಯ ಯುವಜನರೇ ತರಬೇತಿ ಪಡೆದ 'ಯುವ ಪರಿವರ್ತಕರು'. ಓರಗೆಯವರೂ ಅಲ್ಲ, ಮೇಷ್ಟ್ರೂ ಅಲ್ಲ, ಅಣ್ಣ ಅಕ್ಕನ ವಯಸ್ಸಿನವರು. ಅಪ್ಪನಿಗೆ ಹೇಳಲಾಗದ್ದನ್ನು, ಗೆಳೆಯನಿಗೆ ಹೇಳಿ ಪ್ರಯೋಜನವಿಲ್ಲದ್ದನ್ನು ಹೇಳಿಕೊಳ್ಳಲು ನಮ್ಮ ಮನೆಗಳಲ್ಲಿ ಯಾವತ್ತೂ ಇದ್ದ ಜಾಗ ಅದು. ಕೊರತೆಯೆಂದರೆ ಜಿಲ್ಲಾ ಕೇಂದ್ರದ ಕ್ರೀಡಾಂಗಣ ಹಳ್ಳಿಯ ಹುಡುಗಿಗೆ ದೂರ, ಬಸ್ಸು ಹತ್ತಿ ಹೋಗಲು ಅವಳಿಗೊಂದು ನೆಪವೂ ಬೇಕು.

ಈ ಅಕ್ಕ ಅಣ್ಣಂದಿರು ಬೇಕೇ ಬೇಕು ಎನ್ನಲು ಇನ್ನೊಂದು ಕಾರಣವಿದೆ. ನಿಮ್ಹಾನ್ಸ್ ನಡೆಸಿದ 2015–16ರ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಶೇ 7.3 ಮಂದಿಗೆ ಮಾನಸಿಕ ತೊಂದರೆ ಕಂಡಿತ್ತು. ಆ ಲೆಕ್ಕದಲ್ಲಿ ಹದಿನೈದು ಜನರ ಗುಂಪಿನಲ್ಲಿ ಸರಾಸರಿ ಒಬ್ಬಳು ಅಂಥವಳು ಇರುತ್ತಾಳೆ. ಅವಳು ಮುಂದಾಳು ಗೆಳತಿಯ ಕಿವಿಯಲ್ಲಿ 'ಯಾರಿಗೂ ಹೇಳಬ್ಯಾಡ' ಎಂದು ಒಂದು ಮಾತು ಹೇಳುತ್ತಾಳೆ. ಆ ರಾತ್ರಿ ನಿದ್ದೆ ಬಾರದಿರುವುದು ಯಾರಿಗೆ? ಹೇಳಿದ್ದು ಲೈಂಗಿಕ ದೌರ್ಜನ್ಯದ ಸಂಗತಿಯಾದರೆ ಪೋಕ್ಸೊ ಕಾಯ್ದೆಯಂತೆ ತಿಳಿದವರೆಲ್ಲ ವರದಿ ಮಾಡಲೇಬೇಕು. ಮಾಡದಿದ್ದರೆ ಹದಿನೆಂಟು ತುಂಬದವರಿಗೆ ಶಿಕ್ಷೆಯಿಲ್ಲ, ತುಂಬಿದವರಿಗೆ ಆರು ತಿಂಗಳವರೆಗೆ ಜೈಲು ಆಗಬಹುದು. ಹತ್ತೊಂಬತ್ತರ ಮುಂದಾಳಿಗೆ ಇದನ್ನು ತಿಳಿಸದೆ ಗುಂಪಿಗೆ ಕಳಿಸುವುದು ಅನ್ಯಾಯ. ಗುಟ್ಟು ಕಾಪಾಡು ಎಂದು ಹೇಳಿಕೊಡುವ ಮೊದಲು ಯಾವ ಗುಟ್ಟನ್ನು, ಯಾರಿಗೆ, ಎಷ್ಟು ಬೇಗ ದಾಟಿಸಬೇಕು ಎಂದು ಹೇಳಿಕೊಡಬೇಕು. ಮಕ್ಕಳ ಸಹಾಯವಾಣಿ 1098, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416 ಅವಳ ಫೋನಿನಲ್ಲಿರಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ಹರೆಯದವರಿಗಾಗಿಯೇ ಇರುವ ಸ್ನೇಹ ಕ್ಲಿನಿಕ್ಕಿನಲ್ಲಿ ಯಾರನ್ನು ಕೇಳಬೇಕೆಂಬುದು ಗೊತ್ತಿರಬೇಕು.

ಒಂದು ಮಾತು ಕರಾವಳಿಯ ಕಡೆಯದು. 1990ರಲ್ಲಿ ಹುಟ್ಟಿದ ದುಡಿಯುವ ಮಕ್ಕಳ 'ಭೀಮ ಸಂಘ', ಆಮೇಲೆ ಕುಂದಾಪುರ ತಾಲ್ಲೂಕಿನ ಕೆರಾಡಿಯಲ್ಲಿ 1995ರ ಹೊತ್ತಿಗೆ ಬಂದ ಮಕ್ಕಳ ಪಂಚಾಯಿತಿ ನಮ್ಮ ನಾಡಿನ ಮಕ್ಕಳೇ ತೋರಿಸಿದ ದಾರಿ. ಅಲ್ಲಿ ಮಕ್ಕಳು ಒಬ್ಬರಿಗೊಬ್ಬರು ಬುದ್ಧಿ ಹೇಳಲು ಕೂಡಲಿಲ್ಲ. ಕಾಲುಸಂಕ, ಶಾಲೆಯ ದಾರಿ, ದುಡಿಮೆ ಇಂಥವನ್ನು ದೊಡ್ಡವರ ಪಂಚಾಯಿತಿಯ ಮುಂದಿಟ್ಟು ಉತ್ತರ ಕೇಳಿದರು. ಇಂದು ರಾಜ್ಯದ ಎಲ್ಲ ಗ್ರಾಮ ಪಂಚಾಯಿತಿಗಳೂ ನಡೆಸಬೇಕಾದ ಮಕ್ಕಳ ಗ್ರಾಮಸಭೆಯ ಬೇರು ಅದರಲ್ಲಿದೆ. ಮಕ್ಕಳನ್ನು ತಿದ್ದುವ ಹೊಣೆಯನ್ನು ಮಕ್ಕಳಿಗೇ ಹೊರಿಸುವುದಕ್ಕಿಂತ, ಅವರೆದುರು ಉತ್ತರ ಕೊಡಲು ದೊಡ್ಡವರನ್ನು ಕೂರಿಸುವುದು ಹೆಚ್ಚು ಫಲ ಕೊಟ್ಟಿದೆ ಎಂಬುದು ನಮ್ಮ ಅಭಿಪ್ರಾಯ.

ಇಷ್ಟು ನೋಡಿದ ಮೇಲೆ ಕರ್ಜಗಿ, ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯಲ್ಲಿ ಹೊಸ ಯುವ ಕಾರ್ಯಕ್ರಮ ಹೂಡುವವರಿಗೆ ನಮ್ಮ ಕೋರಿಕೆ. ಮುಂದಾಳುಗಳನ್ನು ನೀವು ಆರಿಸಬೇಡಿ. ಈ ಸಲದ ಮಕ್ಕಳ ಗ್ರಾಮಸಭೆಯಲ್ಲೇ ಚೀಟಿ ಹಂಚಿ, ಒಂದೊಂದು ಓಣಿಯಿಂದ, ಶಾಲೆ ಬಿಟ್ಟವರಿಂದಲೂ, ಅವರೇ ಹೆಸರು ಬರೆಯಲಿ. ಬಂದ ಹೆಸರು ನಿಮಗೆ ಹಿಡಿಸದಿದ್ದರೂ ಒಪ್ಪಿಕೊಳ್ಳಿ. ಸಭೆಯ ವೇಳೆಯನ್ನು ಕ್ರಾಸಿಂಗ್ ಮತ್ತು ಮೆಣಸಿನಕಾಯಿ ಹಂಗಾಮು ನೋಡಿ ಗೊತ್ತು ಮಾಡಿ. ನಾಲ್ಕೈದು ಗುಂಪುಗಳಿಗೆ ಒಬ್ಬ ಅಕ್ಕ, ಒಬ್ಬ ಅಣ್ಣನನ್ನು ಸಂಬಳ ಕೊಟ್ಟು ನೇಮಿಸಿ, ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಅವರಿಗೊಂದು ಮೂಲೆ ಕೊಡಿ. ಮದುವೆ ಮತ್ತು ಶಾಲೆ ಬಿಡಿಸುವ ವಿಷಯವನ್ನು ಹುಡುಗಿಯರ ಗುಂಪಿನ ಪಟ್ಟಿಯಿಂದ ತೆಗೆದು ಪಿಡಿಒ ಮತ್ತು ಊರ ಹಿರಿಯರ ಪಟ್ಟಿಗೆ ಸೇರಿಸಿ. ಅಕ್ಕ ಅಣ್ಣನ ಸಂಬಳಕ್ಕೆ ಬಜೆಟ್ಟಿನಲ್ಲಿ ಜಾಗವಿಲ್ಲ ಎನ್ನುವುದಾದರೆ, ಈ ವರ್ಷ ವಾರಿಗೆಯವರ ಕಾರ್ಯಕ್ರಮವನ್ನು ಶುರು ಮಾಡಬೇಡಿ.